ಯಾವ ಡಿಶ್ ಹಾಕ್ಸೋದು ಅಂತ ಕೇಳೋರಿಗೆ

ಈಚೆಗೆ ನನ್ನ ಹತ್ರ ಈ ಒಂದು ಪ್ರಶ್ನೆ ಕೇಳೋರು ಜಾಸ್ತಿ ಆಗವ್ರೆ. "ಅಕ್ಕ, ಕೇಬಲ್ ತೆಗ್ಸಿ ಡಿಶ್ ಹಾಕ್ಸಬೇಕು ಅಂತಿದ್ದೀವಿ, ಯಾವುದು ಒಳ್ಳೇದು?" ಅಂತ ಎದುರುಮನೆ ಸೊಸೆ ಕೇಳಿದ್ಲು. ಗುಂಡ್ಲುಪೇಟೆಯಿಂದ ಚಿಕ್ಕವ್ವ ಫೋನ್ ಮಾಡಿ, "ತಿಂಗ್ಳು ತಿಂಗ್ಳು ಕಾಸು ಕಟ್ಟದು ಬ್ಯಾಡ ಕಣವ್ವ, ಬಿಟ್ಟೀದು ಒಂದು ಅದಂತಲ್ಲ, ಅದ್ನ ಹಾಕ್ಸುದ್ರ ಹೆಂಗ?" ಅಂದ್ರು. ನಾನೇನು ಟೀವಿ ಅಂಗಡಿ ಇಟ್ಟೋಳಲ್ಲ. ಪಿಯುಸಿ ಓದಿ ಸಂಸಾರಕ್ಕೆ ಬಂದೋಳು. ಆದ್ರೆ ನಮ್ಮ ಬಳಗದಲ್ಲಿ ಐದು ಮನೆ, ಐದು ಥರದ ಟೀವಿ. ಐದೂ ಕಡೆ ಹೋಗಿ ಕುಂತು ನೋಡಿದ್ದೀನಿ. ಹಂಗಾಗಿ ಎಲ್ಲಾರಿಗೂ ಒಂದೇ ಸಲ ಇಲ್ಲೇ ಬರ್ದುಬುಡ್ತೀನಿ.

ಚಾಮರಾಜನಗರದ ನಮ್ಮನೇಲಿ ಕೇಬಲ್ಲು. ಗುಂಡ್ಲುಪೇಟೆ ತಾಲ್ಲೂಕು ತೆರಕಣಾಂಬಿ ಕಡೆಯ ಹಳ್ಳೀಲಿ ನಮ್ಮತ್ತೆಮ್ಮ ಒಬ್ಬರೇ ಇರೋ ಹಟ್ಟೀಲಿ ಕಾಸು ಕಟ್ಟೋ ಡಿಶ್ಶು. ಅವರ ಪಕ್ಕದ್ಮನೇಲಿ ಸರ್ಕಾರದ ಫ್ರೀ ಡಿಶ್ಶು. ನಮ್ಮಕ್ಕನ್ನ ಕೊಟ್ಟಿರೋದು ತಾಳವಾಡಿ ಕಡೆಗೆ, ಅಲ್ಲಿ ಸನ್ ಡೈರೆಕ್ಟು. ಮೈಸೂರಲ್ಲಿರೋ ಮಗಳ ಮನೇಲಿ ಛತ್ರೀನೂ ಇಲ್ಲ, ಕೇಬಲ್ಲೂ ಇಲ್ಲ, ಎಲ್ಲಾ ಇಂಟರ್ನೆಟ್ಟು.

ನಮ್ಮ ವಯಸ್ಸಿನೋರಿಗೆ ಟೀವಿ ಅಂದ್ರೆ ಮೊದ್ಲು ನೆನಪಾಗೋದು ಸೂರಿನ ಮೇಲೆ ಗಳಕ್ಕೆ ಕಟ್ಟಿದ ಆಂಟೆನಾನೇ. 1987ರ ಜನವರೀಲಿ ರಮಾನಂದ ಸಾಗರರ ರಾಮಾಯಣ ಶುರುವಾದಾಗ ನಮ್ಮ ಬೀದಿಗೆಲ್ಲ ಒಂದೇ ಟೀವಿ. ಒಬ್ಬ ಮೇಲೆ ಹತ್ತಿ ಗಳ ತಿರುಗ್ಸೋನು, ಒಬ್ಬ ಬಾಗಿಲಲ್ಲಿ ನಿಂತು "ಬಂತು, ಬಂತು, ಅಯ್ಯೋ ಹೋಯ್ತು" ಅನ್ನೋನು. 1994ರಲ್ಲಿ ಉದಯ ಟೀವಿ ಬಂದ ಮೇಲೆ ಕೇಬಲ್ ಬೇಕೇ ಬೇಕು ಅನ್ನಿಸ್ತು. 2000ನೇ ಇಸವಿ ಜುಲೈ 30ರ ರಾತ್ರಿ ಗಾಜನೂರಿನಿಂದ ಅಣ್ಣಾವ್ರನ್ನ ವೀರಪ್ಪನ್ ಕರ್ಕೊಂಡು ಹೋದಾಗ, 108 ದಿನ ನಮ್ಮೂರುಗಳಲ್ಲಿ ಟೀವಿ ವಾರ್ತೆ ನೋಡದೆ ಮಲಗಿದೋರು ಕಮ್ಮಿ. ಆಗಿನ್ನೂ ಮನೆ ಮೇಲಿನ ಈ ಸಣ್ಣ ಛತ್ರಿಗಳು ಬಂದಿರ್ನಿಲ್ಲ. ಡಿಶ್ ಟೀವಿ ಶುರುವಾದದ್ದು 2003ರಲ್ಲಿ. 2004ರ ಡಿಸೆಂಬರ್ 16ಕ್ಕೆ ದೂರದರ್ಶನದೋರು 33 ಚಾನೆಲ್ ಇಟ್ಕೊಂಡು ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರು ಮಾಡಿದ್ರು, ಅದೇ ಈಗಿನ ಫ್ರೀ ಡಿಶ್. 2006ಕ್ಕೆ ಟಾಟಾ ಸ್ಕೈ ಬಂತು, 2022ರಿಂದ ಅದಕ್ಕೆ ಟಾಟಾ ಪ್ಲೇ ಅಂತ ಹೆಸರು. ಆಮೇಲೆ ಸನ್ ಡೈರೆಕ್ಟು, 2008ಕ್ಕೆ ಏರ್‌ಟೆಲ್. ವಿಡಿಯೋಕಾನ್ ಡಿ2ಎಚ್ 2018ರಲ್ಲಿ ಡಿಶ್ ಟೀವಿ ಜೊತೆ ಸೇರ್ಕೊಂತು.

ಈಗ ಮೊದ್ಲು ಒಂದು ವಿಷ್ಯ ತಿಳ್ಕೊಳಿ. ಈ ಎಲ್ಲಾ ಛತ್ರಿಗಳ ಕೆಲಸ ಒಂದೇ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲೆ ಉಪಗ್ರಹ ನಿಂತಿರ್ತದ. ಅದೂ ಸುತ್ತುತ್ತಾ ಇರ್ತದ, ಭೂಮಿ ತಿರುಗೋ ಹೊತ್ತಿಗೇ ಸರಿಯಾಗಿ ಒಂದು ಸುತ್ತು ಹಾಕೋದ್ರಿಂದ ನಮಗೆ ನಿಂತಂಗೇ ಕಾಣ್ತದ. ಅದಕ್ಕೇ ಛತ್ರೀನ ಒಂದು ಸಲ ಕೂರ್ಸಿದ್ರೆ ಸಾಕು, ತಿರುಗ್ಸೋ ಕೆಲಸ ಇಲ್ಲ. ಫ್ರೀ ಡಿಶ್ ಬರೋದು ಇಸ್ರೋದೋರ ಜಿಸ್ಯಾಟ್-15 ಅನ್ನೋ ಉಪಗ್ರಹದಿಂದ. ಇಂಥ ಉಪಗ್ರಹಗಳನ್ನ ಜಾಗ ಬಿಡದಂಗೆ ನೋಡ್ಕೊಳೋ ಇಸ್ರೋದ ಮುಖ್ಯ ಕೇಂದ್ರ ಇರೋದು ನಮ್ಮ ಹಾಸನದಲ್ಲೇ.

ನಮ್ಮ ಜಿಲ್ಲೇಲಿ ನಿಂತು ನೋಡಿದ್ರೆ ಫ್ರೀ ಡಿಶ್ಶಿನ ಛತ್ರಿ ಆಗ್ನೇಯಕ್ಕೆ ಮುಖ ಮಾಡಿರ್ತದ, ಅಂದ್ರೆ ನಾವು ಒಲೆ ಇಡೋ ಮೂಲೆಗೆ. ಟಾಟಾ ಪ್ಲೇದು ಇನ್ನೂ ವಸಿ ದಕ್ಷಿಣಕ್ಕೆ, ಏರ್‌ಟೆಲ್‌ದು ವಸಿ ಪೂರ್ವಕ್ಕೆ. ಇದ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಆ ಮೂಲೇಲಿ ಮನೆಗೆ ಹತ್ತಿಕೊಂಡಂಗೆ ಎತ್ತರದ ತೆಂಗಿನ ಮರಾನೋ, ಪಕ್ಕದೋರ ಮೂರನೇ ಮಹಡೀನೋ ಇದ್ರೆ ಸಿಗ್ನಲ್ ಬರಲ್ಲ. ಹಾಕ್ಸೋಕೆ ಮುಂಚೆ ತಾರಸಿ ಹತ್ತಿ ಆ ಕಡೆ ಬಾನು ತೆರೆದಿದ್ಯಾ ನೋಡಿ. ಒಂದು ಕಂಪನಿಗೆ ಅಡ್ಡ ಬರೋ ಮರ ಇನ್ನೊಂದಕ್ಕೆ ಅಡ್ಡ ಬರದೇನೂ ಇರಬಹುದು. ಇನ್ನೊಂದು ಮಾತು, ಒಂದು ಕಂಪನಿ ಡಬ್ಬ ಇನ್ನೊಂದು ಕಂಪನಿಗೆ ಆಗಲ್ಲ. ಬದಲಾಯ್ಸಿದ್ರೆ ಡಬ್ಬಾನೂ ಹೊಸದು, ಛತ್ರಿ ದಿಕ್ಕೂ ಹೊಸದು.

ಮಳೆ ವಿಷ್ಯಕ್ಕೆ ಬರೋಣ. "ಆ ಕಂಪನೀದು ಮಳೆ ಬಂದ್ರೂ ಹೋಗಲ್ವಂತೆ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಸಣ್ಣ ಛತ್ರಿಗೆ ಬರೋ ಅಲೆಗಳನ್ನ ಮಳೆ ಹನಿ ಹೀರ್ಕೊಳ್ತದ. ಜಡಿಮಳೆ ಬಂದ್ರೆ ಯಾವ ಕಂಪನೀದಾದ್ರೂ ಐದು ಹತ್ತು ನಿಮಿಷ ಹೋಗೇ ಹೋಯ್ತದ. ಸಣ್ಣ ತುಂತುರಿಗೂ ಹೋಗ್ತಾ ಇದ್ರೆ ಮಾತ್ರ ಛತ್ರಿ ಅಲುಗಾಡಿದೆ ಅಂತಲೋ, ಮುಂದಿನ ಕೋಲಿನ ತುದೀಲಿರೋ ಎಲ್‌ಎನ್‌ಬಿ ಒಳಕ್ಕೆ ನೀರು ಹೋಗಿದೆ ಅಂತಲೋ ತಿಳ್ಕೊಳಿ. ನಮ್ಮನೆ ಕೇಬಲ್ಲು ಮಳೇಲಿ ಅಷ್ಟಾಗಿ ಹೋಗಲ್ಲ, ಯಾಕಂದ್ರೆ ಕೇಬಲ್ನೋರು ಇಟ್ಕಂಡಿರೋ ದೊಡ್ಡ ಛತ್ರಿಗಳಿಗೆ ಬೇರೆ ಥರದ ಅಲೆ ಬತ್ತದ, ಅದಕ್ಕೆ ಮಳೆ ಕಾಟ ಕಮ್ಮಿ. ಆದ್ರೆ ನಮ್ಮ ಬೀದೀಲಿ ಕರೆಂಟ್ ಇದ್ರೂ ಮೇಲಿನ ಬೀದೀಲಿ ಹೋದ್ರೆ ಕೇಬಲ್ಲೂ ಹೋಯ್ತದ. ಅತ್ತೆಮ್ಮನೂರಲ್ಲಿ ಮಳೆಗಿಂತ ಕೋತಿ ಕಾಟ. ಛತ್ರಿ ಮೇಲೆ ಕುಂತು ಜೋಕಾಲಿ ಆಡ್ತವೆ. ಒಂದು ಗೇಣು ತಿರುಗಿದ್ರೂ ಸಾಕು, ಪರದೆ ಖಾಲಿ. ಆಗ ಪೇಟೆಯಿಂದ ಹುಡುಗ ಬರಬೇಕು, ಅವನಿಗೆ ಮುನ್ನೂರು ಕೊಡಬೇಕು.

ಅಕ್ಕನ ಮನೆ ಕತೆ ಬೇರೆ. ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ರೂ ಮನೆಮಾತು ಕನ್ನಡವೇ ಇರೋರು ಬೇಕಾದಷ್ಟು ಜನ. ಆದ್ರೆ ಅಲ್ಲಿ ಮಾಮೂಲಾಗಿ ಕೊಡೋ ಪ್ಯಾಕಲ್ಲಿ ತಮಿಳು ಚಾನೆಲ್ ತುಂಬಿರ್ತವೆ. ಅಕ್ಕ ಅಂಗಡಿಯೋನ್ಗೆ "ನಮ್ಗ ಕನ್ನಡದ್ದು ಹಾಕ್ಕೊಡಪ್ಪ, ನಿಮ್ಮ ಜಿಲ್ಲೆ ಯಾವ್ದಾದ್ರೂ ಇರ್ಲಿ" ಅಂತ ನಿಂತು ಬದಲಾಯ್ಸಿಕೊಂಡ್ಲು. ಛತ್ರಿಗೆ ಗಡಿ ಅನ್ನೋದಿಲ್ಲ. ಬೆಂಗಳೂರಿಗೆ ಬರೋ ಕನ್ನಡ ಚಾನೆಲ್ಲೇ ಅವಳ ಮನೆಗೂ ಬತ್ತದ, ಕೇಳಿ ಹಾಕ್ಸಿಕೊಬೇಕು ಅಷ್ಟೇ. ಗಡಿ ಆಚೆ ಇರೋ ನಮ್ಮ ಬಂಧುಗಳು ಇದ್ನ ಗಮನಿಸಿ. ಕೇಬಲ್ಲಾದ್ರೆ ಆಪರೇಟರ್ ಕೊಟ್ಟದ್ದನ್ನೇ ನೋಡಬೇಕು, ಡಿಶ್ಶಲ್ಲಿ ಭಾಷೆ ನಮ್ಮಿಷ್ಟ.

ಇನ್ನು ಕಾಸಿನ ಲೆಕ್ಕ. 2019ರ ಫೆಬ್ರವರಿ 1ರಿಂದ ಟ್ರಾಯ್‌ನೋರು ಹೊಸ ನಿಯಮ ತಂದ್ರು. ಮೊದಲ 100 ಚಾನೆಲ್‌ಗೆ ತಿಂಗಳಿಗೆ ಹೆಚ್ಚಂದ್ರೆ 130 ರೂಪಾಯಿ, ಅದಕ್ಕೆ ನೂರಕ್ಕೆ 18ರಂತೆ ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಕಾಸು ಕೊಟ್ಟು ನೋಡೋ ಚಾನೆಲ್‌ಗೆ ಒಂದೊಂದಕ್ಕೂ ಬೇರೆ ಬೆಲೆ. ಒಂದು ಚಾನೆಲ್ಲನ್ನ ಗುಚ್ಛದೊಳಗೆ ಸೇರಿಸಬೇಕಾದ್ರೆ ಅದರ ಬೆಲೆ 19 ರೂಪಾಯಿ ಮೀರಬಾರದು ಅಂತಾನೂ ಇಟ್ರು. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸುವರ್ಣ, ಈ ನಾಲ್ಕನ್ನೂ 19ರಂತೆ ಹಿಡಿದ್ರೂ 76 ರೂಪಾಯಿ, ತೆರಿಗೆ ಸೇರಿ 90ರ ಹತ್ರ. ಎಲ್ಲಾ ಕೂಡಿದ್ರೆ 243. ಆಮೇಲೆ 2024ರಲ್ಲಿ ಆ 130ರ ಮಿತಿ ತೆಗೆದ್ರು, ಹಂಗಾಗಿ ಈಗ ಕಂಪನಿಗೊಂದು ದರ. ಆದ್ರೆ ಒಂದು ಮಾತು ನೆನಪಿರ್ಲಿ. ಬಿಡಿ ಚಾನೆಲ್ಲಿನ ಬೆಲೆ ಗೊತ್ತುಮಾಡೋದು ಚಾನೆಲ್ನೋರೇ ಹೊರತು ಡಿಶ್ನೋರಲ್ಲ. ಡಿಶ್ ಬದಲಾಯ್ಸಿದ್ರೆ ಧಾರಾವಾಹಿ ಅಗ್ಗ ಆಗೋದಿಲ್ಲ. ಅಗ್ಗ ಆಗೋದು ನಾವು ನೋಡದೆ ಇರೋ ಚಾನೆಲ್ ತೆಗ್ಸಿದಾಗ. ಅತ್ತೆಮ್ಮನ ಪ್ಯಾಕಲ್ಲಿ ಇಂಗ್ಲಿಷ್ ಸಿನಿಮಾ, ನಾಲ್ಕು ಆಟದ ಚಾನೆಲ್, ಮಕ್ಕಳ ಕಾರ್ಟೂನ್, ಎಲ್ಲಾ ಸೇರಿ ನಾನೂರು ದಾಟಿತ್ತು. ಎಪ್ಪತ್ತೆಂಟು ವರ್ಷದ ಮುದುಕಿ ಕಾರ್ಟೂನ್ ನೋಡ್ತದಾ ಹೇಳಿ?

ಫ್ರೀ ಡಿಶ್ ವಿಷ್ಯ ಕೇಳೋರು ಜಾಸ್ತಿ. ಅದಕ್ಕೆ ಡಬ್ಬ, ಛತ್ರಿ ಒಂದು ಸಲ ಕೊಂಡ್ರೆ ಮುಗೀತು, ತಿಂಗಳ ಕಾಸಿಲ್ಲ. ಅತ್ತೆಮ್ಮನ ಪಕ್ಕದ್ಮನೆಯೋಳು ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋಗೋಳು, ಸಾವಿರದ ಎಂಟುನೂರಕ್ಕೆ ಹಾಕ್ಸಿಕೊಂಡವ್ಳೆ. ದೂರದರ್ಶನದ ಚಾನೆಲ್ಲೆಲ್ಲ ಬರ್ತವೆ, ಚಂದನ ಬತ್ತದ, ಆಕಾಶವಾಣಿ ರೇಡಿಯೋನೂ ಅದರಲ್ಲೇ ಕೇಳಬಹುದು. 2002ರಲ್ಲಿ ಶುರುವಾದ ಡಾ. ನಾ. ಸೋಮೇಶ್ವರರ 'ಥಟ್ ಅಂತ ಹೇಳಿ' ಬರೋದೂ ಚಂದನದಲ್ಲೇ. 2020ರಲ್ಲಿ ಕೊರೋನಾ ಅಂತ ಶಾಲೆ ಮುಚ್ಚಿದಾಗ, ಜುಲೈನಿಂದ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಪಾಠ ಚಂದನದಲ್ಲೇ ಬಂತಲ್ಲ, ಆಗ ಆ ಮನೆ ಕೂಸು ಒಂಬತ್ತನೇ ಕ್ಲಾಸು. ಮೊಬೈಲ್ ಇಲ್ಲ, ನೆಟ್‌ವರ್ಕ್ ಇಲ್ಲ. ನೋಟ್‌ಬುಕ್ ಹಿಡ್ಕಂಡು ಟೀವಿ ಮುಂದೆ ಕುಂತು ಬರ್ಕೊಂಡಳು. ಅದಕ್ಕೇ ಫ್ರೀ ಡಿಶ್ಶನ್ನ ಯಾರಾದ್ರೂ ಬಡವರ ಡಬ್ಬ ಅಂತ ಮೂಗು ಮುರಿದ್ರೆ ನನಗೆ ಸೇರಲ್ಲ.

ಕ್ರಿಕೆಟ್ಟಿಗೂ ಅದೇ ಮೇಲು. ದೇಶಕ್ಕೆ ಮುಖ್ಯವಾದ ಪಂದ್ಯಗಳನ್ನ ದೂರದರ್ಶನದ ಜೊತೆ ಹಂಚ್ಕೋಬೇಕು ಅಂತ 2007ರಲ್ಲಿ ಕಾಯ್ದೆ ಆಗಿದೆ. ಅದು ದೂರದರ್ಶನದ ಸ್ವಂತ ಪ್ರಸಾರಕ್ಕೆ, ಫ್ರೀ ಡಿಶ್ಶಿಗೆ ಮಾತ್ರ, ಕೇಬಲ್ಲಿಗೂ ಖಾಸಗಿ ಡಿಶ್ಶಿಗೂ ಅಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ಅದಕ್ಕೇ ನಮ್ಮನೆ ಕೇಬಲ್ಲಲ್ಲಿ ಬರದೆ ಇರೋ ಮ್ಯಾಚು ಆ ಕೂಲಿಯವಳ ಮನೇಲಿ ಬತ್ತದ. ನನ್ನ ಮಗ ಊರಿಗೆ ಹೋದ್ರೆ ಅಲ್ಲೇ ಹೋಗಿ ಕೂರ್ತಾನೆ.

ಆದ್ರೆ ಫ್ರೀ ಡಿಶ್ಶಲ್ಲಿ ಖಾಸಗಿ ಚಾನೆಲ್ ಅಂದ್ರೆ ಹೆಚ್ಚಾಗಿ ಹಿಂದೀವೇ. ಸಂಜೆ ನಾವೆಲ್ಲ ನೋಡೋ ಕನ್ನಡ ಧಾರಾವಾಹಿ ಬೇಕು ಅನ್ನೋರಿಗೆ ಅದೊಂದೇ ಸಾಲದು. ಆ ಹೆಣ್ಣುಮಗಳೂ ಸಂಜೆ ಆದ್ರೆ ಹೂ ಕಟ್ಟೋ ಬುಟ್ಟಿ ಎತ್ಕಂಡು ನಮ್ಮತ್ತೆಮ್ಮನ ಹಟ್ಟಿಗೇ ಬರ್ತಾಳೆ.

ನಾನು ಮುಖ್ಯವಾಗಿ ಹೇಳಬೇಕು ಅಂತ ಕುಂತದ್ದು ಅತ್ತೆಮ್ಮನ ವಿಷ್ಯ. ಮಾವನೋರು ತೀರಿಕೊಂಡ ಮೇಲೆ ಅವರು ಆ ಹಟ್ಟಿ ಬಿಟ್ಟು ಬರ್ನಿಲ್ಲ. "ಹಸು ಅದ, ಹಿತ್ಲದ, ನಾನೆಲ್ಲಿಗ ಬರದು" ಅಂತಾರೆ. ಡಿಶ್ ರೀಚಾರ್ಜು ಬೆಂಗಳೂರಲ್ಲಿರೋ ನನ್ನ ಮೈದನ ಫೋನಲ್ಲಿತ್ತು. ಅವನು ಪಾಪ ಪ್ರತಿ ತಿಂಗಳೂ ಹಾಕೋನೇ. ಒಂದು ತಿಂಗಳು ಕೆಲಸದ ಗಲಾಟೇಲಿ ಮರೆತುಬಿಟ್ಟ. ಡಬ್ಬದೋರು ಅವನ ನಂಬರಿಗೆ ಮೆಸೇಜ್ ಕಳ್ಸಿದ್ರಂತೆ, ಸಾವಿರ ಮೆಸೇಜಲ್ಲಿ ಅದೂ ಒಂದು. ಇಲ್ಲಿ ಅತ್ತೆಮ್ಮನ ಟೀವೀಲಿ ಕಪ್ಪು ಪರದೆ, ಅದರ ಮೇಲೆ ಇಂಗ್ಲಿಷಲ್ಲಿ ಏನೋ ಎರಡು ಸಾಲು. ಅವರಿಗೆ ಅಕ್ಷರ ಬರಲ್ಲ.

ಹನ್ನೊಂದು ದಿನ ಹಂಗೇ ಇದ್ರು. ಯಾರಿಗೂ ಹೇಳ್ನಿಲ್ಲ. ದಿನಾ ಫೋನಲ್ಲಿ ಮಾತಾಡಿದ್ರೂ "ಸಂದಾಗಿವ್ನಿ ಕಣವ್ವ" ಅಂತಾನೇ ಅಂದ್ರು. ಕೊನೆಗೆ ಪಕ್ಕದ್ಮನೆಯೋಳು ನಮ್ಮ ಯಜಮಾನರಿಗೆ ಫೋನ್ ಮಾಡಿ, "ದೊಡ್ಡವ್ವ ಸಂಜ ಆದ್ರ ದೀಪ ಹಚ್ಚಿ ಏಳ್ಗಂಟಗೇ ಮಲಿಕತದ ಕಣಣ್ಣ, ಉಣ್ಣದೂ ಬುಟ್ಟದ" ಅಂದಾಗ ಗೊತ್ತಾಯ್ತು. ಮೈದ ಆವತ್ತೇ ಕಾಸು ಹಾಕ್ದ. ಹಾಕಿ ಅರ್ಧ ಗಂಟೆಗೆ ಬರ್ತದೆ ಅಂತ ಕಂಪನಿಯೋರು ಹೇಳಿದ್ರು. ಬರ್ನಿಲ್ಲ. ಫೋನ್ ಮಾಡಿದ್ರೆ ಒಂದೊತ್ತಿ, ಎರಡೊತ್ತಿ, ಡಬ್ಬದ ಕರೆಂಟ್ ತೆಗೆದು ಹಾಕಿ ಅಂತ ಅರ್ಧ ದಿನ. ಅದ್ನೆಲ್ಲ ಆ ಮುದುಕಿ ಒಬ್ಬರೇ ಮಾಡೋಕಾಯ್ತದಾ?

ಪಿತೃಪಕ್ಷದಲ್ಲಿ ಮಾವನೋರಿಗೆ ಎಡೆ ಇಡೋಕೆ ಎಲ್ಲಾರೂ ಊರಿಗೆ ಸೇರಿದಾಗ ಇದೇ ಮಾತು ಬಂತು. ಒಬ್ಬರು ಫ್ರೀ ಡಿಶ್ ಹಾಕ್ಸಿಬುಡೋಣ, ರೀಚಾರ್ಜ್ ತಲೆನೋವೇ ಇಲ್ಲ ಅಂದ್ರು. ಮಗಳು, "ಸ್ಮಾರ್ಟ್ ಟೀವಿ ತಂದು ವೈಫೈ ಹಾಕ್ಸೋಣ, ಅಜ್ಜಿ ಯಾವಾಗ ಬೇಕಾದ್ರೂ ನೋಡ್ಕೋಬಹುದು" ಅಂದ್ಲು. ಮೈದ ಬೇರೆ ಕಂಪನಿ ಹೆಸರು ತೆಗೆದ. ನಾದಿನಿ ಗಂಡ, "ಯಾವುದಾದ್ರೇನು, ವಯಸ್ಸಾದೋರಿಗೆ ಒಂದು ಬೊಂಬೆ ಕುಣೀತಿದ್ರೆ ಆಯ್ತು" ಅಂದ್ರು. ಅತ್ತೆಮ್ಮ ಪಡಸಾಲೆ ಕಂಬಕ್ಕೆ ಒರಗಿ ಅವರೆಕಾಯಿ ಬಿಡಿಸ್ತಿದ್ರು. ತಲೆ ಎತ್ತಿ, "ನಂಗ ಏನ್ ಬೇಕು ಅಂತ ನನ್ನ ಕೇಳ್ರುಲ ಮೊದ್ಲು. ಸಂಜ ದೀಪ ಹಚ್ಚುದ್ಮ್ಯಾಲ ಈ ಹಟ್ಟೀಲಿ ಮಾತಾಡದು ಅದೊಂದೇಯ" ಅಂದ್ರು. ಎಲ್ಲಾರೂ ಗಪ್‌ಚಿಪ್.

ನಾನು ಕೇಳಿದೆ, "ಅತ್ತೆಮ್ಮ, ಹನ್ನೊಂದು ದಿನ ಯಾಕ ಹೇಳ್ನಿಲ್ಲ ನೀವು?" ಅಂತ. "ಮಗನ್ಗ ಫೋನ್ ಮಾಡಿ ಟೀವಿಗ ಕಾಸಾಕು ಅಂತ ಕೇಳಾದ? ನಿಮ್ಮಾವ ಇದ್ದಾಗ್ಲೂ ನಾನು ಸೀರಗ ಕಾಸು ಕೇಳುದೋಳಲ್ಲ" ಅಂದ್ರು.

ಆಗ ನಂಗೆ ತಿಳೀತು, ಡಬ್ಬದಲ್ಲಿ ಏನೂ ತೊಂದ್ರೆ ಇರ್ನಿಲ್ಲ. ಆ ಡಬ್ಬದ ಬೀಗದ ಕೈ ಬೇರೆಯೋರ ಫೋನಲ್ಲಿತ್ತು, ಅದೇ ತೊಂದ್ರೆ. ಟಾಟಾ ಪ್ಲೇ ಆಗ್ಲಿ, ಏರ್‌ಟೆಲ್ ಆಗ್ಲಿ, ಸನ್ ಡೈರೆಕ್ಟ್ ಆಗ್ಲಿ, ಬದಲಾಯ್ಸಿದ್ರೂ ಅದು ಅಲ್ಲೇ ಇರ್ತಿತ್ತು. ಅಷ್ಟೇ ಅಲ್ಲ, ಚಾನೆಲ್ ನಂಬರು ಕಂಪನಿಗೊಂದು ಥರ. ಅಕ್ಷರ ಬರದ ಅತ್ತೆಮ್ಮ ರಿಮೋಟಲ್ಲಿ ಯಾವ ಗುಂಡಿ ಆದ್ಮೇಲೆ ಯಾವ ಗುಂಡಿ ಅಂತ ಬೆರಳಿಗೆ ಪಾಠ ಮಾಡ್ಕಂಡವ್ರೆ. ಕಂಪನಿ ಬದಲಾದ್ರೆ ಅಷ್ಟೂ ಮೊದಲಿಂದ ಕಲೀಬೇಕು. ಸ್ಮಾರ್ಟ್ ಟೀವಿ ಅಂದ್ರೆ ಬಾಣ ಒತ್ತಿ, ಚಿತ್ರ ಹುಡುಕಿ, ನೆಟ್ ಹೋದ್ರೆ ಮತ್ತೆ ಶುರು ಮಾಡಿ. ಮಗಳಿಗೆ ಅದು ಸಲೀಸು, ಅತ್ತೆಮ್ಮನಿಗಲ್ಲ.

ಹಂಗಾಗಿ ಹಳೇ ಡಬ್ಬಾನೇ ಉಳೀತು. ಬೇಡದ ಚಾನೆಲ್ಲೆಲ್ಲ ತೆಗ್ಸಿ, ಕನ್ನಡದ ನಾಲ್ಕು, ಹಳೇ ಸಿನಿಮಾದ್ದೊಂದು ಇಟ್ವಿ. ತಿಂಗಳಿಗೆ ಇನ್ನೂರ ಎಪ್ಪತ್ತಕ್ಕೆ ಬಂತು. ಕಾಸು ಯಾರು ಕಟ್ಟೋದು ಅಂತ ಬಂದಾಗ ಗಂಡುಮಕ್ಕಳಿಬ್ಬರೂ ನಾನು ತಾನು ಅಂದ್ರು. ಅತ್ತೆಮ್ಮ, "ನಂಗ ಗೃಹಲಕ್ಷ್ಮಿ ಕಾಸು ಎರಡ್ಸಾವ್ರ ಬತ್ತದಲ್ಲ, ಅದ್ರಲ್ಲಿ ನಾನೇ ಹಾಕುಸ್ಕತೀನಿ, ಅಂಗಡಿ ತೋರ್ಸಿ ಸಾಕು" ಅಂದ್ರು. 2023ರ ಆಗಸ್ಟಲ್ಲಿ ಶುರುವಾದ ಆ ದುಡ್ಡಲ್ಲಿ ಯಾರ್ಯಾರು ಏನೇನು ಕೊಂಡ್ರು ಅಂತ ಪೇಪರಲ್ಲಿ ಓದಿದ್ದೀವಿ. ನಮ್ಮತ್ತೆಮ್ಮ ತಮ್ಮ ಸಂಜೆ ಕೊಂಡ್ಕಂಡ್ರು. ಅವರೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿ ಹೈದನಿಗೆ ಡಬ್ಬದ ಐಡಿ ನಂಬರು ಬರ್ಕೊಟ್ಟಿದ್ದೀವಿ. ಒಂದು ಚೀಟೀಲಿ ಅದೇ ನಂಬರು ಬರ್ದು ಅವರ ಎಲೆಅಡಿಕೆ ಚೀಲದಲ್ಲೂ ಇಟ್ಟಿದ್ದೀವಿ. ಕಾಸು ಕೊಟ್ಟು ಚೀಟಿ ತೋರ್ಸಿದ್ರೆ ಆಯ್ತು. ಅಂಗಡಿ ಫೋನ್ ನಂಬರಿಗೂ ಪಕ್ಕದ್ಮನೆ ಕೂಸಿನ ನಂಬರಿಗೂ ಮೆಸೇಜ್ ಹೋಗಂಗೆ ಆಗ್ನಿಲ್ಲ, ಒಂದೇ ನಂಬರಿಗೆ ಹೋಗೋದಂತೆ. ಮೈದನ ನಂಬರು ತೆಗ್ಸಿ ಆ ಕೂಸಿಂದು ಹಾಕ್ಸಿದ್ವಿ. ಹತ್ರ ಇರೋರಿಗೆ ಗೊತ್ತಾದ್ರೆ ಸಾಕಲ್ಲ.

ಮೊದಲ ಸಲ ತಾವೇ ಹಾಕ್ಸಿಕೊಂಡು ಬಂದ ದಿನ ಫೋನ್ ಮಾಡಿ, "ನಾನೇ ಹೋಗಿ ಹಾಕುಸ್ಕ ಬಂದಿ ಕಣವ್ವ. ಅಂಗಡಿ ಹೈದ ಅಜ್ಜಿ ಕೂತ್ಕಳಿ ಅಂತ ಕುರ್ಚಿ ಕೊಟ್ಟ" ಅಂದ್ರು. ಆವತ್ತು ಅವರ ದನೀನೇ ಬೇರೆ ಇತ್ತು.

ಈಗ ನಿಮಗೆ ಬೇಕಾದ ಉತ್ತರ ಹೇಳ್ತೀನಿ. ಮನೇಲಿ ಓದೋ ಮಕ್ಕಳಿದ್ದು, ಕೈ ಬಿಗಿ ಇದ್ದು, ಧಾರಾವಾಹಿ ಇಲ್ದೆ ನಡೀತದೆ ಅನ್ನೋರು ಫ್ರೀ ಡಿಶ್ ಹಾಕ್ಸಿ, ಯೋಚ್ನೆ ಬೇಡ. ಪೇಟೆ ಒಳಗೆ ಇರೋರಿಗೆ ಕೇಬಲ್ ಸರಿ, ಏನಾದ್ರೂ ಆದ್ರೆ ಕೇಬಲ್ನೋನು ಅದೇ ಬೀದೀಲಿ ಸಿಕ್ತಾನೆ. ಗಡಿ ಆಚೆ ಇರೋರು, ತೋಟದ ಮನೆಯೋರು ಕಾಸಿನ ಡಿಶ್ ಹಾಕ್ಸಿಕೊಳಿ, ಆದ್ರೆ ನಿಮ್ಮ ಪೇಟೇಲಿ ಯಾವ ಕಂಪನಿ ರಿಪೇರಿ ಹುಡುಗ ಕರೆದ್ರೆ ಬರ್ತಾನೆ ಅಂತ ಕೇಳಿ ಅದನ್ನೇ ಹಾಕ್ಸಿ. ಸಿನಿಮಾ ತಾರೆಯರ ಜಾಹೀರಾತು ನೋಡಿ ಅಲ್ಲ. ಎಚ್‌ಡಿಗೆ ಕಾಸು ಜಾಸ್ತಿ, ಹಳೇ ಸಣ್ಣ ಟೀವಿ ಇದ್ರೆ ಅದು ದಂಡ.

ವಯಸ್ಸಾದೋರು ಒಬ್ಬರೇ ಇರೋ ಮನೆಗಾದ್ರೆ ಡಬ್ಬದ ಹೆಸರು ಆಮೇಲೆ ನೋಡಿ. ರಿಮೋಟು ಅವರ ಕೈಗೆ ಒಗ್ಗಿದ್ಯಾ, ರೀಚಾರ್ಜು ಅವರಿಗೇ ಮಾಡ್ಕೊಳೋಕಾಯ್ತದಾ, ಕೆಟ್ಟುಹೋದ್ರೆ ಕೂಗೋಷ್ಟು ಹತ್ರ ಯಾರಿದ್ದಾರೆ, ಈ ಮೂರು ಮೊದ್ಲು. ಇವತ್ತು ಫೋನ್ ಮಾಡಿದಾಗ ನಿಮ್ಮವ್ವನ್ನೋ ಅತ್ತೆಮ್ಮನ್ನೋ "ಊಟ ಆಯ್ತಾ" ಅಂತ ಕೇಳಿದ್ಮೇಲೆ, "ಟೀವಿ ಬತ್ತಾ ಅದ?" ಅಂತಾನೂ ಒಂದು ಮಾತು ಕೇಳಿ. ಸುಮ್ಕಿದ್ದಾರೆ ಅಂದ್ರೆ ಎಲ್ಲಾ ಸಂದಾಗದ ಅಂತ ಅಲ್ಲ ಕಣ್ರವ್ವ.